ಕೊಡಗಿನ ಘಾಟಿ ರಸ್ತೆಗೆ ಚಿಕ್ಕ ಟರ್ಬೊ ಹ್ಯಾಚ್‌ಬ್ಯಾಕ್: ಓಡಿಸಿದವರ ಅನುಭವಗಳು

ಪ್ರಶ್ನೆ, ವಿರಾಜಪೇಟೆ ಸಮೀಪದಿಂದ

ಹನ್ನೊಂದು ವರ್ಷ ಓಡಿಸಿದ ಡೀಸೆಲ್ ಕಾರನ್ನು ಈ ವರ್ಷ ಬದಲಿಸಬೇಕೆಂದಿದ್ದೇನೆ. ನನ್ನ ಓಡಾಟ ಹೆಚ್ಚಾಗಿ ವಿರಾಜಪೇಟೆ ಮತ್ತು ಮಡಿಕೇರಿಯ ನಡುವೆ. ತಿಂಗಳಿಗೆ ಎರಡು ಬಾರಿ ಸಂಪಾಜೆ ಘಾಟಿ ಇಳಿದು ಮಂಗಳೂರಿಗೂ, ಅಪರೂಪಕ್ಕೆ ಮಾಕುಟ್ಟದ ದಾರಿಯಲ್ಲಿ ಕಣ್ಣೂರಿಗೂ ಹೋಗುತ್ತೇನೆ. ಮನೆಯವರೆಲ್ಲ ಎತ್ತರದ ಎಸ್‌ಯುವಿ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ. ನನ್ನ ಮನಸ್ಸು ಮಾತ್ರ ಹ್ಯುಂಡೈ ಐ20 ಎನ್ ಲೈನ್‌ನಂತಹ ಚಿಕ್ಕ, ಚುರುಕಾದ ಕಾರಿನ ಮೇಲಿದೆ. ಇಂತಹ ಫ್ರಂಟ್ ವೀಲ್ ಡ್ರೈವ್ (ಮುಂದಿನ ಚಕ್ರಗಳೇ ಎಳೆಯುವ) ಕಾರು ನಮ್ಮ ಮಳೆಗಾಲಕ್ಕೆ ಒಗ್ಗುತ್ತದೆಯೇ? ಮುಖ್ಯರಸ್ತೆಯಿಂದ ನಮ್ಮ ತೋಟದ ಮನೆಗೆ ಸುಮಾರು ಮುನ್ನೂರು ಮೀಟರ್ ಏರುದಾರಿಯಿದ್ದು, ಕೊನೆಯ ತಿರುವಿನ ಕಾಂಕ್ರೀಟಿಗೆ ಪಾಚಿ ಹಿಡಿಯುತ್ತದೆ ಎಂಬುದನ್ನೂ ಹೇಳಬೇಕು. ಓಡಿಸಿ ತಿಳಿದವರು ದಯವಿಟ್ಟು ತಮ್ಮ ಅನುಭವ ಹಂಚಿಕೊಳ್ಳಿ.

ಮಡಿಕೇರಿಯಿಂದ

ನೀವು ಹೇಳಿದ ಕಾರಿನ ಮ್ಯಾನುಯಲ್ ಗೇರಿನ ಮಾದರಿಯೇ ನನ್ನ ಬಳಿ ಇದೆ, ಅದರೊಂದಿಗೆ ಎರಡು ಮಳೆಗಾಲ ಕಳೆದಿದ್ದೇನೆ. ಅಂಕಿ-ಅಂಶಗಳನ್ನು ಮೊದಲು ಹೇಳಿ ಮುಗಿಸುತ್ತೇನೆ. ಒಂದು ಲೀಟರಿನ ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್ ಎಂಜಿನ್, 120 ಪಿಎಸ್ ಶಕ್ತಿ, 172 ನ್ಯೂಟನ್ ಮೀಟರ್ ಟಾರ್ಕ್, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಸಾಮಾನ್ಯ ಐ20ಗಿಂತ ಬಿಗಿಯಾದ ಸಸ್ಪೆನ್ಷನ್. 2021ರಲ್ಲಿ ಈ ಕಾರು ಬಂದಾಗ ಕ್ಲಚ್ ಪೆಡಲ್ ಇಲ್ಲದ ಐಎಂಟಿ ಮತ್ತು ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ ಮಾತ್ರ ಇದ್ದವು. ಮೂರು ಪೆಡಲಿನ ಆರು ಗೇರ್ ಮ್ಯಾನುಯಲ್ 2023ರಲ್ಲಿ ಬಂತು. ನಾನು ಅದಕ್ಕಾಗಿಯೇ ಕಾದಿದ್ದೆ, ಕಾದದ್ದು ಸರಿಯಾಯಿತು ಎಂದೇ ಇಂದಿಗೂ ನಂಬಿದ್ದೇನೆ.

ನಿಮ್ಮ ದಿನನಿತ್ಯದ ದಾರಿಯಾದ ಮೇಕೇರಿ, ಹಾಕತ್ತೂರು, ಮೂರ್ನಾಡು, ಬೇತ್ರಿ ರಸ್ತೆಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಎಲ್ಲಿಯೂ ವೇಗಕ್ಕೆ ಅವಕಾಶವಿಲ್ಲ. ಒಂದು ತಿರುವು ಮುಗಿಯುವಷ್ಟರಲ್ಲಿ ಮತ್ತೊಂದು ಎದುರಾಗುತ್ತದೆ, ತೋಟದ ಬೇಲಿ ಎರಡೂ ಬದಿಯಿಂದ ಒತ್ತಿಕೊಂಡಿರುತ್ತದೆ, ಎದುರಿಗೆ ಖಾಸಗಿ ಬಸ್ಸು ಬಂದರೆ ಒಂದು ಬದಿಯ ಚಕ್ರವನ್ನು ಮಣ್ಣಿಗೆ ಇಳಿಸಲೇಬೇಕು. ಚಿಕ್ಕ ಕಾರಿನ ಬೆಲೆ ನನಗೆ ತಿಳಿದದ್ದು ಇಂತಹ ರಸ್ತೆಯಲ್ಲಿಯೇ. ಗಂಟೆಗೆ 40 ಕಿಲೋಮೀಟರಿನಲ್ಲಿ, ಎರಡನೆಯ ಮತ್ತು ಮೂರನೆಯ ಗೇರಿನ ನಡುವೆ ಆಡುತ್ತ, ಸ್ಟಿಯರಿಂಗ್ ತಿರುಗಿಸಿದ ಕ್ಷಣದಲ್ಲೇ ಮೂತಿ ಒಳಕ್ಕೆ ಬರುವುದನ್ನು ಅನುಭವಿಸುವುದಿದೆಯಲ್ಲ, ಆ ಸಂತೋಷಕ್ಕೆ ಹೆದ್ದಾರಿಯ 120 ಸಮನಾಗುವುದಿಲ್ಲ. ದೇಹ ಅತ್ತಿತ್ತ ವಾಲುವುದು ಕಡಿಮೆಯಾದ್ದರಿಂದ ಮೂರ್ನಾಡು ದಾಟುವಷ್ಟರಲ್ಲಿ ಹೊಟ್ಟೆ ತೊಳಸುವ ನನ್ನ ಮಗಳು ಈಗ ಸುಮ್ಮನೆ ಕುಳಿತು ಬರುತ್ತಾಳೆ.

ಎಂಜಿನ್ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಈ ಎತ್ತರದ ತೆಳು ಗಾಳಿಯಲ್ಲಿ ಟರ್ಬೊ ಇಲ್ಲದ ಎಂಜಿನ್ ತನ್ನ ಶಕ್ತಿಯ ಹತ್ತನೆಯ ಒಂದು ಭಾಗದಷ್ಟನ್ನು ಕಳೆದುಕೊಳ್ಳುತ್ತದೆ. ಟರ್ಬೊ ಇದ್ದರೆ ಅದು ಗಾಳಿಯನ್ನು ಒತ್ತಿ ತುಂಬುವುದರಿಂದ ಈ ನಷ್ಟ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಸಂಪಾಜೆಯಿಂದ ಕೊಯನಾಡು, ಜೋಡುಪಾಲ, ಮದೆನಾಡು ದಾಟಿ ನಾಲ್ಕು ಜನ ಕೂತು ಏರುವಾಗ ಈ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಗುತ್ತದೆ. ಆದರೆ ಟರ್ಬೊ ಎಚ್ಚರಗೊಳ್ಳಲು ಎಂಜಿನ್ ಸ್ವಲ್ಪ ಸುತ್ತಬೇಕು. ಹೇರ್‌ಪಿನ್ ತಿರುವಿನಲ್ಲಿ ಲಾರಿಯ ಹಿಂದೆ ನಿಂತಂತೆ ನಿಧಾನವಾಗಿ ಎರಡನೆಯ ಗೇರಿನಲ್ಲೇ ಹೋದರೆ ಎಂಜಿನ್ ಒಂದು ಕ್ಷಣ ಉಸಿರು ಕಟ್ಟಿದಂತಾಗುತ್ತದೆ, ಆಮೇಲೆ ಒಮ್ಮೆಲೇ ಎಳೆಯುತ್ತದೆ. ಒದ್ದೆ ರಸ್ತೆಯಲ್ಲಿ ಈ ಒಮ್ಮೆಲೇ ಎಳೆಯುವುದೇ ಅಪಾಯ.

ಕಳೆದ ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜೋರು ಮಳೆಯ ಕೊಡವ ತಿಂಗಳು) ಹೀಗಾಯಿತು. ಜೋಡುಪಾಲದಿಂದ ಮೇಲೆ ಒಂದು ಟ್ಯಾಂಕರಿನ ಹಿಂದೆ ಬರುತ್ತಿದ್ದೆ; ಮಂಜು ಎಷ್ಟಿತ್ತೆಂದರೆ ಅದರ ಹಿಂದಿನ ಕೆಂಪು ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎಡ ತಿರುವಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿರುವಾಗಲೇ ಆಕ್ಸಲರೇಟರ್ ಒತ್ತಿದೆ. ಒಳಬದಿಯ ಮುಂಚಕ್ರ ಸರ್ರನೆ ಸುತ್ತಿತು, ಟ್ರ್ಯಾಕ್ಷನ್ ದೀಪ ಮಿನುಗಿತು, ಎಂಜಿನಿನ ಶಕ್ತಿಯನ್ನು ಕಾರು ತಾನೇ ಕತ್ತರಿಸಿತು, ಮೂತಿ ತಿರುವಿನ ಹೊರಕ್ಕೆ ಒಂದಡಿ ಜಾರಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ ಎಂಬುದು ನನ್ನ ಪುಣ್ಯ. ತಪ್ಪು ಸಂಪೂರ್ಣವಾಗಿ ನನ್ನ ಕಾಲಿನದು. ಇಂತಹ ಕಾರಿನಲ್ಲಿ ಎಳೆಯುವುದೂ, ದಾರಿ ತಿರುಗಿಸುವುದೂ, ಬ್ರೇಕಿನ ಹೆಚ್ಚಿನ ಭಾರ ಹೊರುವುದೂ ಮುಂದಿನ ಎರಡು ಟೈರುಗಳೇ. ಏರಿನಲ್ಲಿ ಕಾರಿನ ತೂಕ ಹಿಂದಕ್ಕೆ ಸರಿದು ಆ ಎರಡು ಟೈರುಗಳ ಮೇಲಿನ ಭಾರ ಕಡಿಮೆಯಾಗುತ್ತದೆ, ತಿರುವಿನಲ್ಲಿ ಒಳಚಕ್ರದ ಮೇಲಿನದು ಇನ್ನೂ ಕಡಿಮೆಯಾಗುತ್ತದೆ. ಅಂದಿನಿಂದ ನಾನು ಸ್ಟಿಯರಿಂಗ್ ನೇರವಾಗತೊಡಗಿದ ಮೇಲೆಯೇ ಶಕ್ತಿ ಕೊಡುವುದನ್ನು ರೂಢಿ ಮಾಡಿಕೊಂಡಿದ್ದೇನೆ; ಟ್ಯಾಂಕರಿನ ಹಿಂದೆ ತೀರಾ ನಿಧಾನವಾದರೆ ಸಂಕೋಚಪಡದೆ ಮೊದಲನೆಯ ಗೇರಿಗೆ ಇಳಿಸುತ್ತೇನೆ.

ಇಳಿಜಾರಿನಲ್ಲಿ ಡೀಸೆಲ್ ಕಾರಿನ ಅಭ್ಯಾಸವನ್ನು ಬಿಡಬೇಕಾಗುತ್ತದೆ. ನಿಮ್ಮ ಹಳೆಯ ಕಾರು ಮೂರನೆಯ ಗೇರಿನಲ್ಲಿ ತಡೆದು ನಿಲ್ಲುತ್ತಿದ್ದ ಕಡೆ ಒಂದು ಲೀಟರಿನ ಪೆಟ್ರೋಲ್ ಎಂಜಿನಿಗೆ ಎರಡನೆಯ ಗೇರು ಬೇಕು. ಏರಿದ ಗೇರಿನಲ್ಲೇ ಇಳಿಯಿರಿ ಎಂದು ಹಿರಿಯ ಚಾಲಕರು ಹೇಳುತ್ತಿದ್ದದ್ದು ಈ ಕಾರಿಗೆ ಅಕ್ಷರಶಃ ಅನ್ವಯಿಸುತ್ತದೆ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತುವಾದ್ದರಿಂದ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ. ತೇವ ಸೇರಿದ ದ್ರವ ಬೇಗ ಕುದಿಯುತ್ತದೆ, ಉದ್ದದ ಇಳಿಜಾರಿನ ಕೊನೆಯಲ್ಲಿ ಪೆಡಲ್ ಮೆತ್ತಗಾಗುತ್ತದೆ. ಮಳೆಯಲ್ಲಿ ಮೂರು ದಿನ ನಿಂತ ಕಾರಿನ ಡಿಸ್ಕುಗಳ ಮೇಲೆ ಕಿತ್ತಳೆ ಬಣ್ಣದ ತುಕ್ಕು ಕೂತಿರುತ್ತದೆ, ಮೊದಲ ಎರಡು ಬ್ರೇಕಿಗೆ ಕರಕರ ಎನ್ನುತ್ತದೆ. ಅದಕ್ಕೆ ಗಾಬರಿಯಾಗಬೇಡಿ, ಮನೆಯ ಗೇಟು ದಾಟುವಷ್ಟರಲ್ಲಿ ಹೋಗುತ್ತದೆ.

ಗೋಣಿಕೊಪ್ಪಲಿನಿಂದ

ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ, ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ ಇಳಿಜಾರಿನ ತಿರುವಿನ ನಡುವೆ ಆಕ್ಸಲರೇಟರಿನಿಂದ ಕಾಲನ್ನು ಥಟ್ಟನೆ ತೆಗೆಯುವುದು ಒತ್ತುವುದಕ್ಕಿಂತಲೂ ಕೆಟ್ಟದ್ದು. ಆಗ ತೂಕವೆಲ್ಲ ಮುಂದಕ್ಕೆ ಬಂದು ಹಿಂಭಾಗ ಹಗುರಾಗುತ್ತದೆ, ಸಿಲ್ವರ್ ಓಕ್ ಎಲೆ ಕೊಳೆತು ಅಂಟಿದ ರಸ್ತೆಯಲ್ಲಿ ಹಿಂಬದಿ ಹೊರಕ್ಕೆ ಬೀಸುತ್ತದೆ. ಇಎಸ್‌ಸಿ (ಜಾರುವ ಕಾರನ್ನು ತಾನೇ ಹತೋಟಿಗೆ ತರುವ ವ್ಯವಸ್ಥೆ) ಇದ್ದರೆ ಅದು ಸಾವರಿಸುತ್ತದೆ, ನಿಜ. ಆದರೆ ಟೈರಿಗೆ ಹಿಡಿತವೇ ಇಲ್ಲದಿದ್ದರೆ ಯಾವ ಯಂತ್ರವೂ ಹಿಡಿತವನ್ನು ಸೃಷ್ಟಿಸಲಾರದು. ಗದ್ದೆ ಕುಯ್ಲಿನ ನಂತರ ನಮ್ಮ ಕಡೆ ನಡೆಯುವ ಆಟೋಕ್ರಾಸ್ ಎಂಬ ಕಾರು ಓಟದ ಸ್ಪರ್ಧೆಯಲ್ಲಿ ಕೆಲವು ವರ್ಷ ಭಾಗವಹಿಸಿದ್ದೇನೆ. ಅಲ್ಲಿ ಬೇಕೆಂದೇ ಹೀಗೆ ಹಿಂಭಾಗವನ್ನು ತಿರುಗಿಸುತ್ತೇವೆ, ಗದ್ದೆಯಲ್ಲಿ ಅಗಲವಿದೆ. ಮಾಕುಟ್ಟದಲ್ಲಿ ಒಂದು ಬದಿ ಗುಡ್ಡದ ಕಡಿದಾದ ಬರೆ, ಇನ್ನೊಂದು ಬದಿ ಕಣಿವೆ.

ನನ್ನದು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಫೋಕ್ಸ್‌ವ್ಯಾಗನ್ ಪೋಲೊ, 2020ರ ಒಂದು ಲೀಟರ್ ಟಿಎಸ್‌ಐ ಮ್ಯಾನುಯಲ್, 110 ಪಿಎಸ್. ಈ ಕಾರನ್ನು ಭಾರತದಲ್ಲಿ 2022ರಲ್ಲೇ ನಿಲ್ಲಿಸಿದ್ದಾರೆ, ಆದ್ದರಿಂದ ಹೊಸದನ್ನೇ ನೋಡುತ್ತಿರುವ ನಿಮಗೆ ಇದು ಆಯ್ಕೆಯಲ್ಲ. ಆದರೂ ಗಟ್ಟಿಯಾಗಿ ನೆಲಕ್ಕೆ ಅಂಟಿಕೊಂಡಂತೆ ಸಾಗುವ ಆ ಭಾವವನ್ನು ಒಮ್ಮೆ ಕಂಡವರು ಎತ್ತರದ ಗಾಡಿಗೆ ಒಗ್ಗುವುದು ಕಷ್ಟ. ಪೆರುಂಬಾಡಿ ದಾಟಿ ಇಳಿಯುವಾಗ ಒಂದರ ಮೇಲೊಂದು ಬರುವ ತಿರುವುಗಳಲ್ಲಿ ಬಲಕ್ಕೆ ವಾಲಿದ ಕಾರು ಎಡಕ್ಕೆ ಹೊರಳಲು ತೆಗೆದುಕೊಳ್ಳುವ ಸಮಯವನ್ನು ಗಮನಿಸಿ. ಎತ್ತರದ ಗಾಡಿಯಲ್ಲಿ ಅದಕ್ಕೆ ಕಾಯಬೇಕು, ಇದರಲ್ಲಿ ಕಾಯಬೇಕಿಲ್ಲ.

ಗೇರ್‌ಬಾಕ್ಸ್ ಬಗ್ಗೆ: ನಮ್ಮ ಭಾವನವರು ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ ಕಾರೊಂದನ್ನು (ಕಂಪನಿಯ ಹೆಸರು ಇಲ್ಲಿ ಬೇಡ) ಓಡಿಸುತ್ತಾರೆ. ಕ್ರಿಸ್ಮಸ್ ರಜೆಯ ವಾರಾಂತ್ಯ ಸುಂಟಿಕೊಪ್ಪದಿಂದ ಮಡಿಕೇರಿಗೆ ಏರುವ ದಾರಿಯಲ್ಲಿ ವಾಹನಗಳ ಸಾಲು ಇರುವೆಯಂತೆ ಹರಿದಾಗ, ಬ್ರೇಕ್ ಬಿಟ್ಟು ಆಕ್ಸಲರೇಟರಿನಲ್ಲೇ ಕಾರನ್ನು ಏರಿನಲ್ಲಿ ತಡೆದು ನಿಲ್ಲಿಸುತ್ತ ಹೋಗಿ ಕ್ಲಚ್ ಬಿಸಿಯಾದ ಎಚ್ಚರಿಕೆ ಬಂತು; ಅರ್ಧ ಗಂಟೆ ಬದಿಗೆ ನಿಂತು ತಣಿಸಬೇಕಾಯಿತು. ಡ್ರೈ ಕ್ಲಚ್ (ತಣಿಸಲು ಎಣ್ಣೆಯಿಲ್ಲದ ಕ್ಲಚ್) ಇರುವ ಗೇರ್‌ಬಾಕ್ಸಿನಲ್ಲಿ ಹೀಗೆ ಅರೆ ಹಿಡಿದು ತೆವಳುವುದೇ ಶಾಖಕ್ಕೆ ಕಾರಣ. ಮುಂದಿನ ಕಾರು ನಾಲ್ಕು ಮಾರು ಹೋಗಲಿ ಎಂದು ಬ್ರೇಕ್ ಹಿಡಿದು ನಿಂತು, ಒಮ್ಮೆಗೇ ಆ ನಾಲ್ಕು ಮಾರು ಹೋಗಿ ಮತ್ತೆ ನಿಲ್ಲುವುದು ಸರಿಯಾದ ಕ್ರಮ. ಇಷ್ಟೆಲ್ಲ ಯೋಚಿಸುವುದು ಬೇಡವೆಂದರೆ ಮ್ಯಾನುಯಲ್ ತೆಗೆದುಕೊಳ್ಳಿ.

ಸಂಜೆಯ ಮೇಲೆ ತಿತಿಮತಿ, ಆನೆಚೌಕೂರು ಕಡೆ ಬರುವುದಿದ್ದರೆ ಇನ್ನೊಂದು ಮಾತು. ತಗ್ಗಿನ ಕಾರಿನಲ್ಲಿ ಕುಳಿತಾಗ ಬೇಲಿಯಾಚೆ ಏನಿದೆಯೆಂದು ಕಾಣುವುದಿಲ್ಲ, ಗಡುಸಾಗಿ ಗುಡುಗುವ ಸೈಲೆನ್ಸರ್ ಕಾಡಿನೊಳಗೆ ಯಾರಿಗೂ ಹಿತವಲ್ಲ. ಎತ್ತರದ ಗೇರಿನಲ್ಲಿ, ಸದ್ದಿಲ್ಲದೆ, 30ರಲ್ಲಿ ಹೋಗಿ.

ಸೋಮವಾರಪೇಟೆಯಿಂದ

ನಾನು ಶಿಕ್ಷಕಿ, ದಿನವೂ ಹದಿನೆಂಟು ಕಿಲೋಮೀಟರ್ ಹಳ್ಳಿ ರಸ್ತೆಯಲ್ಲಿ ಹೋಗಿ ಬರುತ್ತೇನೆ. ಮೇಲಿನ ಇಬ್ಬರೂ ಚಾಲಕರ ಸೀಟಿನ ಮಾತು ಹೇಳಿದ್ದಾರೆ, ಹಿಂದಿನ ಸೀಟಿನದನ್ನು ನಾನು ಹೇಳುತ್ತೇನೆ. ಬಿಗಿ ಸಸ್ಪೆನ್ಷನ್ನಿನ ಕಾರು ತಿರುವಿನಲ್ಲಿ ಎಷ್ಟು ಚೆನ್ನವೋ ಗುಂಡಿಯಲ್ಲಿ ಅಷ್ಟೇ ಕಠಿಣ. ಸೊಂಟನೋವಿರುವ ನಮ್ಮ ಅತ್ತೆಯವರು ನನ್ನ ಕಾರಿನ ಹಿಂದೆ ಕೂರುವುದನ್ನೇ ಬಿಟ್ಟಿದ್ದರು. ಶೋಭೆಗೆಂದು ನಾನು ಹಾಕಿಸಿದ್ದ ದೊಡ್ಡ ರಿಮ್ಮು ಮತ್ತು ಅಗಲದ ಟೈರು ಇದಕ್ಕೆ ಮುಖ್ಯ ಕಾರಣವೆಂದು ತಡವಾಗಿ ತಿಳಿಯಿತು. ಮಾದಾಪುರದ ಹತ್ತಿರ ನೀರು ತುಂಬಿದ ಗುಂಡಿಗೆ ಇಳಿದ ಮರುದಿನ ಟೈರಿನ ಪಕ್ಕೆಯಲ್ಲಿ ಕೋಳಿಮೊಟ್ಟೆಯಷ್ಟು ಉಬ್ಬು ಎದ್ದಿತ್ತು. ಒಳಗಿನ ನೂಲು ಹರಿದಾಗ ಹೀಗಾಗುತ್ತದೆ, ಅದಕ್ಕೆ ಪಂಕ್ಚರಿನಂತೆ ರಿಪೇರಿ ಇಲ್ಲ, ಟೈರನ್ನೇ ಎಸೆಯಬೇಕು. ಕಂಪನಿ ಕೊಟ್ಟ ಅಳತೆಗೆ ಮರಳಿದ ಮೇಲೆ ಅತ್ತೆ ಮತ್ತೆ ನನ್ನೊಂದಿಗೆ ಸಂತೆಗೆ ಬರುತ್ತಾರೆ.

ಟೈರಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿಯುವವರೆಗೆ ಕಾನೂನು ಬಿಡುತ್ತದೆ, ನಮ್ಮ ಮಳೆ ಬಿಡುವುದಿಲ್ಲ. 3 ಮಿಲಿಮೀಟರಿಗೆ ಬಂದಾಗಲೇ, ಅದೂ ಮೇ ತಿಂಗಳೊಳಗೆ, ನಾನು ಬದಲಿಸುತ್ತೇನೆ. ಮುಂದಿನ ಟೈರುಗಳು ಹಿಂದಿನವಕ್ಕಿಂತ ಬೇಗ ಸವೆಯುವುದರಿಂದ ಹಿಂದಿನವನ್ನು ನೋಡಿ ಸಮಾಧಾನಪಡಬೇಡಿ.

ನಾಪೋಕ್ಲಿನಿಂದ

ಪಾಚಿಯ ಏರಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ, ನಮ್ಮ ಮನೆಯದೂ ಅದೇ ಕಥೆ. ಮೊದಲು ಕಾಂಕ್ರೀಟನ್ನು ನೋಡಿಕೊಳ್ಳಿ. ಮೇ ಕೊನೆಗೆ ಒಮ್ಮೆ, ಕಕ್ಕಡದ ನಡುವೆ ಬಿಡುವು ಸಿಕ್ಕಾಗ ಇನ್ನೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ತಂತಿ ಬ್ರಷ್ಷಿನಿಂದ ಉಜ್ಜಿಸಿ. ಹೊಸದಾಗಿ ಕಾಂಕ್ರೀಟ್ ಹಾಕಿಸುವುದಿದ್ದರೆ ಹಸಿಯಿರುವಾಗಲೇ ಅಡ್ಡಕ್ಕೆ ಗೀರು ಎಳೆಸಿ, ಚಕ್ರ ಕಚ್ಚಿಕೊಳ್ಳುತ್ತದೆ.

ಇಷ್ಟಾದರೂ ಕಾರು ಏರದಿದ್ದ ದಿನ ನಾನು ಮಾಡುವುದು ಇದು. ಕೆಳಗೆ ಸಮತಟ್ಟಿನಲ್ಲಿ ಕಾರನ್ನು ತಿರುಗಿಸಿ ರಿವರ್ಸಿನಲ್ಲಿ ಹತ್ತಿಸುತ್ತೇನೆ. ಆಗ ಎಂಜಿನ್ ಇಳಿಜಾರಿನ ಕೆಳಗಡೆ ಬರುತ್ತದೆ, ತೂಕವೆಲ್ಲ ಎಳೆಯುವ ಚಕ್ರಗಳ ಮೇಲೆ ಕೂರುತ್ತದೆ. ಮುಂದಕ್ಕೆ ಹೋದಾಗ ಮೂರು ಸಲ ಜಾರಿದ ಅದೇ ಜಾಗದಲ್ಲಿ ನನ್ನ ಹ್ಯಾಚ್‌ಬ್ಯಾಕ್ ಹಿಂದಕ್ಕೆ ಒಂದೇ ಉಸಿರಿಗೆ ಹತ್ತಿದ್ದನ್ನು ಕಂಡು ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಮಕ್ಕಳು ಚಪ್ಪಾಳೆ ತಟ್ಟಿದ್ದರು. ಕ್ಲಚ್ಚನ್ನು ಮಾತ್ರ ಅರೆ ಹಿಡಿಯಬೇಡಿ, ತಡೆಯಿಲ್ಲದೆ ಒಂದೇ ವೇಗದಲ್ಲಿ ಹೋಗಬೇಕು, ಹಿಂದೆ ಯಾರಾದರೊಬ್ಬರು ನಿಂತು ದಾರಿ ತೋರಿಸಬೇಕು.

ಹಣ ಕಟ್ಟುವ ಮುನ್ನ ಟೆಸ್ಟ್ ಡ್ರೈವಿನ ಕಾರನ್ನು ನಿಮ್ಮ ಏರಿನವರೆಗೂ ತರಲು ಷೋರೂಮಿನವರನ್ನು ಒಪ್ಪಿಸಿ. ಮಳೆ ಬಂದ ಮರುದಿನವಾದರೆ ಒಳ್ಳೆಯದು. ನಾಲ್ಕು ಜನ ಕೂತಿರುವಾಗ ಕೊನೆಯ ತಿರುವಿನಲ್ಲಿ ಮುಂದಿನ ಬಂಪರಿನ ಕೆಳತುಟಿ ನೆಲಕ್ಕೆ ತಾಗುತ್ತದೆಯೇ ಎಂಬುದನ್ನು ಕೆಳಗಿಳಿದು, ಬಗ್ಗಿ ನೋಡಿ. ಎಸ್‌ಯುವಿ ಎನ್ನುತ್ತಿರುವ ಮನೆಯವರನ್ನೇ ಆ ದಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ.