ಪದಚರ್ಚೆ: ‘ಕೂಗಳತೆ’ ಅಂದರೆ ಎಷ್ಟು ದೂರ? ಬೇಟೆ ಕಲಿಯುವ ಹುಡುಗನನ್ನು ಏನೆಂದು ಕರೆಯೋಣ?

ಎಲ್ಲರಿಗೂ ನಮಸ್ಕಾರ.

ಒಂದೆರಡು ಪದಗಳಿಗೆ ಸಿಕ್ಕಿಹಾಕಿಕೊಂಡು ವಾರ ಆಯಿತು, ನೀವೇ ಬಿಡಿಸಬೇಕು. ಹಿನ್ನೆಲೆ ಹೇಳದಿದ್ದರೆ ಪ್ರಶ್ನೆ ಅರ್ಥ ಆಗಲ್ಲ, ಹಾಗಾಗಿ ಪತ್ರ ಸ್ವಲ್ಪ ಉದ್ದ ಆಗುತ್ತೆ.

ನಾವಿರೋದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ಇಲ್ಲಿ ಕೋವಿ ಹಿಡಿದು ಜಿಂಕೆ ಬೇಟೆಗೆ ಹೋಗುವ ಕಾಲ ನವೆಂಬರ್ 15ಕ್ಕೆ ಶುರುವಾಗಿ 30ಕ್ಕೆ ಮುಗಿಯುತ್ತದೆ. ವಾರ ಯಾವುದೇ ಇರಲಿ ತಾರೀಕು ಬದಲಾಗಲ್ಲ. ಎಷ್ಟೋ ಊರುಗಳಲ್ಲಿ ಆವತ್ತು ಶಾಲೆಗೇ ರಜೆ. ನನ್ನ ಮಗನಿಗೆ ಈಗ 13. ಅವನ ಜೊತೆ ಓದುವ ಹುಡುಗನ ಅಪ್ಪ, ತಲೆತಲಾಂತರದಿಂದ ಬೇಟೆಯಾಡುವ ಮನೆಯವರು, ಈ ಸಲ ನಿಮ್ಮವನನ್ನೂ ಕರೆದುಕೊಂಡು ಹೋಗ್ತೀನಿ ಎಂದರು. ಮಗ ಕುಣಿದಾಡಿದ. ನನ್ನ ಹೆಂಡತಿ ಮಾತಾಡಲಿಲ್ಲ, ಸೀದಾ ತೀರ್ಥಹಳ್ಳಿ ಕಡೆಯ ತನ್ನ ಅಪ್ಪನಿಗೆ ಫೋನ್ ಹಚ್ಚಿದಳು.

ಮಾವನವರಿಗೆ ಕೋವಿ ಹೊಸದಲ್ಲ. ಬೆಳೆ ಕಾಯೋಕೆ ಅಂತ ಲೈಸೆನ್ಸ್ ಪಡೆದ ಒಂಟಿ ನಳಿಗೆಯ ಕೋವಿ ಅವರ ಮನೆಯಲ್ಲಿದೆ. ಪ್ರತಿ ಎಲೆಕ್ಷನ್ನಿಗೂ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತರೋದು, ಎಲೆಕ್ಷನ್ ಮುಗಿದ ಮೇಲೆ ಬಿಡಿಸಿಕೊಂಡು ಬರೋದು ಅವರಿಗೆ ಮಾಮೂಲು. “ಅಲ್ಲಿಯ ಕಾನೂನು ಏನು ಹೇಳುತ್ತೆ ಅಂತ ಕನ್ನಡದಲ್ಲಿ ಬರೆದು ಕಳಿಸಿ, ಓದಿ ಹೇಳ್ತೀನಿ” ಅಂದರು. ಎರಡು ಪುಟ ತಾನೇ ಎಂದು ಕೂತೆ. ಮೊದಲ ಸಾಲಿನಲ್ಲೇ ಬಿದ್ದೆ.

ಮೊದಲು ನಿಯಮ ಏನು ಅಂತ ನನ್ನ ಮಾತಿನಲ್ಲಿ ಹೇಳಿಬಿಡ್ತೀನಿ. 1960ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆಯ ಲೈಸೆನ್ಸ್ ಕೊಳ್ಳಬೇಕಾದರೆ ಮೊದಲು ಸುರಕ್ಷತೆಯ ತರಗತಿ ಮುಗಿಸಿ ಸರ್ಟಿಫಿಕೇಟ್ ಪಡೆದಿರಬೇಕು. ಆ ತರಗತಿ ಆಗಿಲ್ಲ, ಆದರೂ ಒಮ್ಮೆ ನೋಡೋಣ ಅನ್ನುವವರಿಗೆ ಅಪ್ರೆಂಟಿಸ್ ಲೈಸೆನ್ಸ್ ಅಂತ ಇದೆ. 10 ವರ್ಷ ಆಗಿರಬೇಕು, ಎರಡು ಲೈಸೆನ್ಸ್ ವರ್ಷ ಮಾತ್ರ ಸಿಗುತ್ತದೆ. ಹತ್ತರೊಳಗಿನ ಮಕ್ಕಳಿಗೆ ಬೇರೆಯೇ ಏರ್ಪಾಡು ಇದೆ, ಅದು ಇಲ್ಲಿ ಬೇಡ. ಅಪ್ರೆಂಟಿಸ್ ಜೊತೆ 21 ತುಂಬಿದ ಒಬ್ಬರು ಇರಲೇಬೇಕು. ಅವರ ಹತ್ತಿರ ಅದೇ ಪ್ರಾಣಿಯ ಬೇಟೆಗೆ ಪೂರ್ತಿ ಲೈಸೆನ್ಸ್ ಇರಬೇಕು, ಅಂದರೆ ಒಬ್ಬ ಅಪ್ರೆಂಟಿಸ್ ಇನ್ನೊಬ್ಬ ಅಪ್ರೆಂಟಿಸನ್ನು ನೋಡಿಕೊಳ್ಳುವ ಹಾಗಿಲ್ಲ. ಒಬ್ಬರು ಹೆಚ್ಚೆಂದರೆ ಇಬ್ಬರನ್ನು ನೋಡಿಕೊಳ್ಳಬಹುದು. ಹುಡುಗನಿಗೆ 17 ಆಗಿಲ್ಲದಿದ್ದರೆ ಜೊತೆಗೆ ಹೋಗುವವರು ಅಪ್ಪ ಅಮ್ಮ ಆಗಿರಬೇಕು, ಇಲ್ಲವೇ ಅಪ್ಪ ಅಮ್ಮ ಒಪ್ಪಿ ಗೊತ್ತುಮಾಡಿದವರಾಗಿರಬೇಕು.

ಈಗ ಪದಗಳಿಗೆ ಬರ್ತೀನಿ.

ಅಪ್ರೆಂಟಿಸ್ ಅನ್ನೋದಕ್ಕೆ ಸರ್ಕಾರಿ ಕನ್ನಡದಲ್ಲಿ ‘ಶಿಶಿಕ್ಷು’ ಅಂತಾರೆ. ಐಟಿಐ ಮುಗಿಸಿದವರಿಗೆ ಪೇಪರಿನಲ್ಲಿ ಬರುತ್ತಲ್ಲ, ಶಿಶಿಕ್ಷು ತರಬೇತಿಗೆ ಅರ್ಜಿ ಆಹ್ವಾನ ಅಂತ, ಅದೇ. ಕಲಿಯುವ ಆಸೆ ಇರುವವನು ಅಂತ ಅರ್ಥ, ಮುಮುಕ್ಷು ಇದ್ದ ಹಾಗೆ. ನಾನು ಮೊದಲ ಕರಡಿನಲ್ಲಿ ‘ಶಿಶಿಕ್ಷು ಬೇಟೆಗಾರ’ ಎಂದೇ ಬರೆದು ಕಳಿಸಿದೆ. ಮಾವನವರು ಗಟ್ಟಿಯಾಗಿ ಓದಿದ್ದಾರೆ. ಅತ್ತೆ ಒಳಗಿನಿಂದ “ಶಿಶುಗಳನ್ನೂ ಕರ್ಕೊಂಡು ಹೋಗ್ತಾರಂತಾ?” ಎಂದು ಓಡಿಬಂದರಂತೆ. ಅಲ್ಲಿಗೆ ಆ ಪದದ ಕತೆ ಮುಗಿಯಿತು.

‘ಮರಿ ಬೇಟೆಗಾರ’ ಅಂದರೆ ಮುದ್ದಾಗಿದೆ, ಆದರೆ ಮರಿ ಪುಢಾರಿ ನೆನಪಾಗುತ್ತೆ. ಮೇಲಾಗಿ ಮರಿಯನ್ನು ಬೇಟೆಯಾಡುವವನು ಅಂತಲೂ ಓದಿಕೊಳ್ಳಬಹುದು, ಅದು ಇಲ್ಲಿ ತೀರಾ ಅಪಾರ್ಥ. ‘ಬಾಲ ಬೇಟೆಗಾರ’ ಸರಿಹೋಗಲ್ಲ, ಯಾಕೆಂದರೆ ಈ ಲೈಸೆನ್ಸಿಗೆ ವಯಸ್ಸಿನ ಮೇಲ್ಮಿತಿ ಇಲ್ಲ. 40 ವರ್ಷದವನೂ ಅಪ್ರೆಂಟಿಸ್ ಆಗಬಹುದು. ಕೊನೆಗೆ ಹೊಳೆದದ್ದು ನಮ್ಮ ಎಲ್‌ಎಲ್‌ಆರ್. ಆರ್‌ಟಿಒದವರು ‘ಕಲಿಕಾ ಲೈಸೆನ್ಸ್’ ಅಂತಾರಲ್ಲ, ಹಾಗೇ ‘ಕಲಿಕೆಯ ಲೈಸೆನ್ಸ್’, ಪಡೆದವನು ‘ಕಲಿಕೆಯ ಬೇಟೆಗಾರ’. “ಮಾವ, ಇದು ಕೋವಿಯ ಎಲ್ ಬೋರ್ಡು” ಅಂದೆ. ಒಂದೇ ಮಾತಿಗೆ ಅರ್ಥ ಆಯಿತು. ಎಲ್ ಬೋರ್ಡಿನವನ ಪಕ್ಕದಲ್ಲಿ ಲೈಸೆನ್ಸ್ ಇದ್ದವನು ಕೂತಿರಬೇಕು ಅನ್ನೋದು ಎಲ್ಲರಿಗೂ ಗೊತ್ತಿರುವ ನಿಯಮ ತಾನೇ (ಪಾಲಿಸೋದು ಬೇರೆ ಮಾತು). ಇದಕ್ಕಿಂತ ಒಳ್ಳೆಯದು ನಿಮ್ಮಲ್ಲಿದ್ದರೆ ಹೇಳಿ.

ಲೈಸೆನ್ಸಿಗೆ ಪರವಾನಗಿ, ರಹದಾರಿ, ಅನುಜ್ಞಾಪತ್ರ ಎಲ್ಲ ಇವೆ. ಮಾವನವರು ‘ಲೈಸನ್’ ಅಂತಾರೆ, ನಾನೂ ಲೈಸೆನ್ಸ್ ಎಂದೇ ಇಟ್ಟೆ. ಆದರೆ ಒಂದು ವಿಷಯ ಗಮನಕ್ಕೆ ಬಂತು. ‘ಬೇಟೆ ಲೈಸೆನ್ಸ್’ ಅಂದಾಗ ಅವರು ಕೂಡಲೇ “ಅದೆಲ್ಲ ಹೋಯ್ತಲ್ಲ” ಅಂದರು. ನಿಜ. 1972ರ ವನ್ಯಜೀವಿ ಕಾಯಿದೆ ಬಂದಾಗಲೂ ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸ್ ಕೊಡುವ ಕಲಮು ಅದರಲ್ಲಿತ್ತು, 1991ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಈಗ ನಮ್ಮಲ್ಲಿ ಕೋವಿಗೆ ಲೈಸೆನ್ಸ್ ಇದೆ, ಬೇಟೆಗೆ ಇಲ್ಲ. ಕೊಡಗಿನ ಕೊಡವರಿಗೆ ಮತ್ತು ಜಮ್ಮಾ ಜಮೀನಿನವರಿಗೆ (ಅಲ್ಲಿ ವಂಶಪಾರಂಪರ್ಯವಾಗಿ ಬಂದ ಹಿಡುವಳಿ) ಕೋವಿಯ ಲೈಸೆನ್ಸಿನಿಂದಲೂ ವಿನಾಯಿತಿ ಇದೆ, ಆದರೆ ಅದೂ ಬೇಟೆಯಾಡಲು ಕೊಟ್ಟ ಅನುಮತಿಯಲ್ಲ. ಹಾಗಾಗಿ ಮರಸು (ಅಡಗಿ ಕೂತು ಪ್ರಾಣಿಗೆ ಕಾಯೋದು), ಸೋವು (ಗದ್ದಲ ಮಾಡಿ ಪ್ರಾಣಿಯನ್ನು ಎಬ್ಬಿಸಿ ಓಡಿಸೋದು), ಈಡು (ಗುಂಡು ಹೊಡೆಯೋದು) ಇಂಥ ಒಳ್ಳೊಳ್ಳೆಯ ಪದಗಳು ನಮ್ಮಲ್ಲಿದ್ದರೂ ಅವೆಲ್ಲ ಅಜ್ಜನ ಕಾಲದ ಕತೆಯಲ್ಲಿ ಕೂತಿವೆ. ಬೇಟೆಯ ನಿಯಮ ಬರೆಯುವ ಕನ್ನಡ ಬೆಳೆಯೋಕೆ ಸಂದರ್ಭವೇ ಬರಲಿಲ್ಲ. ಅದಕ್ಕೆ ನನಗೇನೂ ಬೇಜಾರಿಲ್ಲ, ಪ್ರಾಣಿಗಳು ಉಳಿದವಲ್ಲ. ಆದರೆ ಅನುವಾದಕ್ಕೆ ಕೂತವನಿಗೆ ಕಷ್ಟ.

ಮುಂದಿನದು ಮೇಲ್ವಿಚಾರಣೆ. ಇದಕ್ಕೆ ಪದಗಳ ಕೊರತೆ ಇಲ್ಲ, ಪ್ರತಿಯೊಂದಕ್ಕೂ ಏನೋ ಒಂದು ವಾಸನೆ ಅಂಟಿಕೊಂಡಿದೆ, ಅದೇ ತೊಂದರೆ. ‘ಮೇಲ್ವಿಚಾರಕ’ ಅಂದರೆ ಪರೀಕ್ಷೆಯ ಕೊಠಡಿಯಲ್ಲಿ ಓಡಾಡುವವರು. ‘ಕಣ್ಗಾವಲು’ ಅಂದರೆ ಸಿಸಿಟಿವಿ, ಕಳ್ಳನ ಮೇಲೆ ಇಡುವಂಥದ್ದು. ‘ಬೆಂಗಾವಲು’ ಮಂತ್ರಿಗಳ ಕಾರಿಗೆ. ‘ನಿಗಾ’ ನನಗೆ ಇಷ್ಟ, ಆದರೆ ತೀವ್ರ ನಿಗಾ ಘಟಕದ ದೆಸೆಯಿಂದ ಆಸ್ಪತ್ರೆ ಸೇರಿಬಿಟ್ಟಿದೆ. ಮೊಮ್ಮಗನ ವಿಷಯದಲ್ಲಿ ಆ ಪದ ಅತ್ತೆಗೆ ಕೇಳಿಸೋದು ಬೇಡ. ‘ಉಸ್ತುವಾರಿ’ ಅಂತ ಬರೆದು ನಾನೇ ನಕ್ಕೆ. ಜಿಲ್ಲಾ ಉಸ್ತುವಾರಿ ಸಚಿವರು ಆಗಸ್ಟ್ 15ಕ್ಕೆ ಒಮ್ಮೆ, ಜನವರಿ 26ಕ್ಕೆ ಒಮ್ಮೆ ಬಂದು ಬಾವುಟ ಹಾರಿಸಿ ಹೋಗ್ತಾರೆ. ಕೋವಿ ಹಿಡಿದ ಹುಡುಗನಿಗೆ ಆ ಥರದ ಉಸ್ತುವಾರಿ ಸಾಕಾ?

ಮಿಷಿಗನ್ನಿನ ನಿಯಮದಲ್ಲಿ ನಿಜವಾಗಿ ಇರೋದು ‘ಜೊತೆಗೆ ಹೋಗು’ ಎಂಬ ಸಾದಾ ಮಾತು. ಅದನ್ನೇ ಇಟ್ಟುಕೊಂಡು ‘ಜೊತೆಗಿರುವವರು’ ಅಂತ ಬರೆದೆ. ಪದ ಸಪ್ಪೆ, ಕೆಲಸ ಮಾತ್ರ ಮಾಡುತ್ತೆ. ಆದರೆ ಜೊತೆ ಅಂದರೆ ಎಷ್ಟು ಹತ್ತಿರ? ಅಲ್ಲೇ ಇರೋದು ಅಸಲಿ ಪ್ರಶ್ನೆ.

ಈ ದೂರವನ್ನು ಒಂದೊಂದು ಕಡೆ ಒಂದೊಂದು ರೀತಿ ಅಳೀತಾರೆ. ಪೆನ್ಸಿಲ್ವೇನಿಯಾದಲ್ಲಿ 12 ತುಂಬದ ಮಕ್ಕಳಾದರೆ ನಡೆಯುವಾಗ ಕೋವಿ ದೊಡ್ಡವರ ಕೈಯಲ್ಲೇ ಇರಬೇಕು. ಒಂದು ಕಡೆ ನಿಂತ ಮೇಲೆ ಮಗುವಿನ ಕೈಗೆ ಕೊಡಬಹುದು, ಆಗಲೂ ದೊಡ್ಡವರು ತೋಳು ಚಾಚಿದರೆ ಸಿಗುವಷ್ಟು ಹತ್ತಿರ ಮಗು ಇರಬೇಕು. ಕೆನಡಾದ ಒಂಟಾರಿಯೊದಲ್ಲಿ 12 ತುಂಬಿದವರು ಕಲಿಯಬಹುದು, ಆದರೆ ಕಲಿಸುವವರಿಗೂ ಕಲಿಯುವವರಿಗೂ ಸೇರಿ ಒಂದೇ ಕೋವಿ. ಒಂದೇ ಕೋವಿ ಅಂದಮೇಲೆ ದೂರ ಹೋಗೋದು ಎಲ್ಲಿಗೆ? ನನಗೆ ಅದು ಬಹಳ ಜಾಣ ನಿಯಮ ಅನ್ನಿಸಿತು, ಅಳತೆಯೇ ಬೇಕಿಲ್ಲ. ಟೆಕ್ಸಾಸಿನಲ್ಲಿ ಮಾಮೂಲು ದನಿಯಲ್ಲಿ ಆಡಿದ ಮಾತಿಗೆ ಹತೋಟಿ ಸಿಗುವಷ್ಟು ದೂರ. ನಮ್ಮ ಮಿಷಿಗನ್ನಿನಲ್ಲಿ ಜೊತೆಗಿರುವವರು ತಟ್ಟನೆ ನೆರವಿಗೆ ಬರುವಂತಿರಬೇಕು, ಇಬ್ಬರ ನಡುವೆ ನೋಟ ಮತ್ತು ಮಾತು ಎರಡೂ ಎಡೆಬಿಡದೆ ಇರಬೇಕು, ಅದೂ ಯಾವ ಸಾಧನದ ಸಹಾಯವೂ ಇಲ್ಲದೆ. ಫೋನ್, ವಾಕಿಟಾಕಿ, ಬೈನಾಕ್ಯುಲರ್ ಯಾವುದೂ ಲೆಕ್ಕಕ್ಕಿಲ್ಲ.

ಇದನ್ನು ಓದಿದ ಕೂಡಲೇ ನನ್ನ ಬಾಯಿಗೆ ಬಂದದ್ದು ‘ಕೂಗಳತೆ’. ಎಂಥ ಚಂದದ ಪದ ಅಲ್ವಾ! ಖುಷಿಯಿಂದ ‘ಕೂಗಳತೆಯ ದೂರದಲ್ಲಿರಬೇಕು’ ಅಂತ ಬರೆದೆ, ವಾಟ್ಸಾಪಿನಲ್ಲಿ ಕಳಿಸಿದೆ. ಹತ್ತು ನಿಮಿಷಕ್ಕೆ ಮಾವನವರ ಫೋನ್.

“ಕೂಗಳತೆ ಅಂತ ಬರೆದಿದೀರಲ್ಲ, ಅಷ್ಟು ದೂರದಲ್ಲಿ ಹುಡುಗನ ಕೈಗೆ ಕೋವಿ ಕೊಟ್ಟು ಕೂರಿಸ್ತಾರಾ? ನಮ್ಮ ಮನೆ ಜಗಲಿಯಿಂದ ಕೂಗಿದ್ರೆ ಹಳ್ಳದ ಆಚೆ ಗದ್ದೆಯಲ್ಲಿ ಉಳೋನಿಗೆ ಕೇಳುತ್ತೆ. ನಡುವೆ ಅಡಿಕೆ ತೋಟ ಇದೆ. ಅವನು ನಂಗೆ ಕಾಣೋದೇ ಇಲ್ಲ. ಇನ್ನು ಮರಸಿಗೆ ಕೂತವನು ಕೂಗ್ತಾನೇನ್ರಿ? ಕೂಗಿದ್ರೆ ಪ್ರಾಣಿ ನಿಲ್ಲುತ್ತಾ?”

ಮೂರು ಮಾತಿನಲ್ಲಿ ನನ್ನ ಅನುವಾದ ಉರುಳಿತು. ಕೂಗಳತೆ ಬಹಳ ದೂರ. ಅದರಲ್ಲಿ ಕಿವಿ ಇದೆ, ಕಣ್ಣಿಲ್ಲ. ಬೇಟೆಯಲ್ಲಿ ಕೂಗುವ ಹಾಗೂ ಇಲ್ಲ. ನಿಘಂಟಿನ ಮಟ್ಟಿಗೆ ಚಂದದ ಪದ, ಆದರೆ ಈ ಜಾಗದಲ್ಲಿ ಅದನ್ನು ನಂಬಿದವನು ಹುಡುಗನನ್ನು ಎರಡು ಗದ್ದೆ ಆಚೆ ಬಿಟ್ಟು ಬರಬಹುದು.

ಸರಿ, ‘ಕಣ್ಣಳತೆ’ ಅನ್ನೋಣ ಅಂದುಕೊಂಡೆ. ಅದು ಇನ್ನೊಂದು ಹಳ್ಳ. ಕಣ್ಣಳತೆ ಅಂದರೆ ನಮ್ಮ ಕಡೆ ಕಣ್ಣಲ್ಲೇ ಅಂದಾಜು ಮಾಡೋದು. ಬಟ್ಟೆ ಅಂಗಡಿಯವರು ಟೇಪು ಹಿಡಿಯದೆ ಹೇಳಿಬಿಡ್ತಾರಲ್ಲ, ಆ ಅಳತೆ. ಇತ್ತೀಚೆಗೆ ಕಣ್ಣಿಗೆ ಕಾಣುವಷ್ಟು ದೂರ ಎಂಬ ಅರ್ಥದಲ್ಲೂ ಬರೀತಾರೆ, ನೋಡಿದ್ದೇನೆ. ಆದರೂ ನಿಯಮದಲ್ಲಿ ಅಂದಾಜಿನ ವಾಸನೆ ಬರೋದು ಬೇಡ. ತೋಳಿನ ದೂರಕ್ಕೆ ‘ಮಾರು’ ಅಂತ ಒಬ್ಬರು ಸೂಚಿಸಿದರು, ಅದು ಎರಡೂ ತೋಳು ಚಾಚಿದಷ್ಟು ಅಗಲ, ಪೆನ್ಸಿಲ್ವೇನಿಯಾದವರು ಹೇಳೋದು ಒಂದು ತೋಳು. ಅಲ್ಲಿ ‘ಕೈಗೆ ಎಟಕುವಷ್ಟು’ ಸಾಕು, ಹೊಸ ಪದ ಕಟ್ಟುವ ಕೆಲಸವಿಲ್ಲ.

ಕೊನೆಗೆ ಉತ್ತರ ಸಿಕ್ಕಿದ್ದು ನನ್ನ ಹೆಂಡತಿಯ ಗದರಿಕೆಯಲ್ಲಿ. ಮಗ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡಿದ್ದ, ಇವಳು ಬಾಗಿಲಲ್ಲಿ ನಿಂತು “ಹೇಳಿದ ಮಾತು ಕೇಳಲ್ವಾ ನಿಂಗೆ?” ಎಂದಳು. ಕಿವಿಗೆ ಬೀಳಲಿಲ್ಲವಾ ಅಂತಲೂ ಆಯಿತು, ಹೇಳಿದಂತೆ ನಡೆಯಲ್ಲವಾ ಅಂತಲೂ ಆಯಿತು. ಟೆಕ್ಸಾಸಿನ ನಿಯಮಕ್ಕೆ ಬೇಕಾದದ್ದು ಇದೇ ಅಲ್ವಾ? ದನಿ ಮುಟ್ಟಬೇಕು, ಹತೋಟಿಯೂ ಇರಬೇಕು. ‘ಮಾತು ಕೇಳುವಷ್ಟು ದೂರ’ ಅಂದರೆ ಕನ್ನಡದಲ್ಲಿ ಎರಡೂ ಒಂದೇ ಏಟಿಗೆ ಬರುತ್ತೆ. ಆದರೆ ಇದನ್ನೇ ಗುಣ ಅನ್ನಬೇಕಾ ದೋಷ ಅನ್ನಬೇಕಾ ಗೊತ್ತಾಗುತ್ತಿಲ್ಲ. ಕಾನೂನಿನ ಮಾತಿಗೆ ಒಂದೇ ಅರ್ಥ ಇರಬೇಕು ಅಂತ ವಕೀಲರಾಗಿರುವ ಸದಸ್ಯರು ಬೈಯಬಹುದು. ಸದ್ಯಕ್ಕೆ ಮಿಷಿಗನ್ ಸಾಲನ್ನು ಹೀಗೆ ತಿದ್ದಿದ್ದೇನೆ:

‘ಜೊತೆಗಿರುವವರಿಗೆ ಹುಡುಗ ಸದಾ ಬರಿಗಣ್ಣಿಗೆ ಕಾಣುತ್ತಿರಬೇಕು, ಸಾದಾ ದನಿಯ ಮಾತು ಇಬ್ಬರಿಗೂ ಕೇಳುತ್ತಿರಬೇಕು, ಬೇಕೆಂದಾಗ ತಟ್ಟನೆ ಅವನ ಬಳಿಗೆ ಬರುವಂತಿರಬೇಕು.’

‘ಸಾದಾ ದನಿ’ ನಾನು ಸೇರಿಸಿದ್ದು, ಮೂಲದಲ್ಲಿ ‘ಸಹಾಯವಿಲ್ಲದ’ ಅಂತ ಮಾತ್ರ ಇದೆ. ಬರಿಗಣ್ಣು, ಬರಿಗೈ, ಬರಿಗಾಲು ಎಲ್ಲ ಇವೆ, ‘ಬರಿದನಿ’ ಅಂದರೆ ನಡೆಯುತ್ತಾ? ‘ಬರಿಮಾತು’ ಅಂತೂ ಆಗಲ್ಲ, ಅದು ಕೆಲಸಕ್ಕೆ ಬಾರದ ಮಾತು.

ಇನ್ನೊಂದು ಸಣ್ಣದು. ಇಲ್ಲಿಯ ಇಲಾಖೆಯವರು ಜಿಂಕೆ ಹೊಡೆದರು ಅನ್ನಲ್ಲ, ಬೆಳೆ ಕೊಯ್ಯುವುದಕ್ಕೆ ಬಳಸುವ ಪದವನ್ನೇ ಬಳಸ್ತಾರೆ. ‘ಈ ವರ್ಷದ ಜಿಂಕೆ ಕೊಯ್ಲು’ ಅಂತ ಕನ್ನಡದಲ್ಲಿ ಬರೆದರೆ ಮಾವನವರು ನನ್ನ ತಲೆ ಸರಿ ಇದೆಯಾ ಅಂತ ಕೇಳ್ತಾರೆ. ‘ಹೊಡೆದದ್ದು’ ಅಂತಲೇ ಬರೆದೆ. ಜಿಂಕೆ ಅನ್ನೋದೂ ಅವರಿಗೆ ಸಮಾಧಾನವಾಗಿಲ್ಲ, “ಕಡವೆಯಷ್ಟು ದೊಡ್ಡದಾ, ಕಾಡುಕುರಿಯಷ್ಟಾ?” ಅಂತ ಕೇಳಿದರು. ಬಿಳಿ ಬಾಲದ ಜಿಂಕೆ, ಕಡವೆಗಿಂತ ಚಿಕ್ಕದು ಅಂದೆ.

ಈಗ ನನ್ನ ಪ್ರಶ್ನೆ, ಮುಖ್ಯವಾಗಿ ಮಲೆನಾಡು, ಕೊಡಗು, ಕಾಸರಗೋಡು ಕಡೆಯವರಿಗೆ. ಹಿಂದೆ ಬೇಟೆಯ ಗುಂಪಿನಲ್ಲಿ ಮೊದಲ ಸಲ ಹೋಗುವ ಹುಡುಗನಿಗೆ ನಿಮ್ಮ ಹಿರಿಯರು ಏನಾದರೂ ಹೆಸರು ಇಟ್ಟಿದ್ದರಾ? ಮಾವನವರನ್ನು ಕೇಳಿದೆ. ಅವರ ಅಪ್ಪ ಮೊದಲೆರಡು ವರ್ಷ ಇವರ ಕೈಗೆ ಕೋವಿ ಕೊಡಲೇ ಇಲ್ಲವಂತೆ, ತೋಟಾ ಚೀಲ ಹೊರಿಸಿ ಹಿಂದೆ ನಡೆಸಿದರಂತೆ, ಸೋವಿನವರ ಜೊತೆ ಕಳಿಸಿದರಂತೆ. “ಹೆಸರು ಏನೂ ಇಲ್ಲ, ‘ಏ ಹುಡುಗಾ’ ಅಂತಿದ್ರು” ಎಂದರು. ಬೇರೆ ಕಡೆ ಇದ್ದಿರಬಹುದು ಅಂತ ನನ್ನ ಗುಮಾನಿ. ಕೂಗಳತೆಗೆ ನಿಮ್ಮೂರಿನಲ್ಲಿ ಯಾವ ದೂರ ಅಂದುಕೊಳ್ತೀರಿ ಅನ್ನೋದನ್ನೂ ಬರೆಯಿರಿ. ಬಯಲು ಸೀಮೆಯವರಿಗೆ ಅದು ಬೇರೆಯೇ ಇರಬೇಕು, ಅಲ್ಲಿ ಕೂಗಿದವನೂ ಕಾಣ್ತಾನೆ.

ಮಗನನ್ನು ಕಳಿಸೋದಾ ಬೇಡವಾ ಅಂತ ದಯವಿಟ್ಟು ಯಾರೂ ಬರೆಯಬೇಡಿ. ಮಾವನವರು ತಿದ್ದಿದ ಪ್ರತಿ ಓದಿ ಮುಗಿಸಿಲ್ಲ, ಅತ್ತೆ ಇನ್ನೂ ಬಾಯಿ ಬಿಟ್ಟಿಲ್ಲ.