ಫಿಸಿಯಾಲಜಿ ಪಿಎಚ್‌ಡಿ: ಇಲಿ ಲ್ಯಾಬೋ, ಮನುಷ್ಯರ ಲ್ಯಾಬೋ? ಅನುಭವ ಇದ್ದವರು ಹೇಳಿ

ಹೊಸಹೆಜ್ಜೆ:
ಎಂಎಸ್ಸಿ ಮುಗಿದಿದೆ. ವೈದ್ಯಕೀಯ ವಿಶ್ವವಿದ್ಯಾಲಯದ ಫಿಸಿಯಾಲಜಿ ವಿಭಾಗದಲ್ಲಿ ಇಬ್ಬರು ಗೈಡ್‌ಗಳು ಒಪ್ಪಿದ್ದಾರೆ. ಒಬ್ಬರದು ಇಲಿ ಹೃದಯದ ಕೋಶಗಳ ಮೇಲೆ ಪ್ಯಾಚ್ ಕ್ಲ್ಯಾಂಪ್, ಅಂದರೆ ಸಣ್ಣ ಗಾಜಿನ ನಳಿಕೆಯ ತುದಿಯನ್ನು ಕೋಶಕ್ಕೆ ಅಂಟಿಸಿ ಅದರ ಕರೆಂಟ್ ಅಳೆಯೋದು. ಇನ್ನೊಬ್ಬರದು ಮನುಷ್ಯರಲ್ಲಿ ಎಚ್‌ಆರ್‌ವಿ, ಅಂದರೆ ಹೃದಯ ಬಡಿತಗಳ ನಡುವಿನ ಅಂತರ ಎಷ್ಟು ಏರಿಳಿಯುತ್ತದೆ ಅನ್ನೋ ಅಳತೆ. ನಾನು ಡಾಕ್ಟರ್ ಓದಿದವಳಲ್ಲ. ಯಾರ ಹತ್ತಿರ ಸೇರಲಿ?

ಗಾಜಿನತುದಿ:
ಪ್ಯಾಚ್ ಕ್ಲ್ಯಾಂಪ್, ಎರಡು ಮಾತಿಲ್ಲ. ನೇಹರ್ ಮತ್ತು ಸಾಕ್‌ಮನ್ 1976ರಲ್ಲಿ ಕಪ್ಪೆ ಸ್ನಾಯುವಿನಲ್ಲಿ ಒಂದೇ ಒಂದು ಚಾನೆಲ್‌ನ (ಕೋಶದ ಪೊರೆಯಲ್ಲಿ ಅಯಾನುಗಳು ಹಾಯುವ ದಾರಿ) ಕರೆಂಟ್ ಅಳೆದರು. 1991ರಲ್ಲಿ ನೊಬೆಲ್ ಬಂತು. ನಳಿಕೆ ತುದಿ ಕೋಶಕ್ಕೆ ಬಿಗಿಯಾಗಿ ಅಂಟೋ ಸೀಲ್ ಹಿಡಿಯೋದೇ ಕಷ್ಟ ಅಂತ ಎಲ್ಲರೂ ಹೆದರಿಸುತ್ತಾರೆ. ನನಗೆ ಕಣ್ಣೀರು ಹಾಕಿಸಿದ್ದು ಕೊಲಾಜಿನೇಸ್, ಹೃದಯದಿಂದ ಕೋಶಗಳನ್ನು ಬಿಡಿಸೋ ಎಂಜೈಮ್. ಹಳೇ ಲಾಟ್ ಮುಗಿದು ಹೊಸದು ಬಂತು. ಅದೇ ಟೈಪ್, ಅದೇ ತೂಕ. ಹೃದಯವನ್ನು ಲ್ಯಾಂಗೆನ್‌ಡಾರ್ಫ್‌ಗೆ (ಹೊರತೆಗೆದ ಹೃದಯಕ್ಕೆ ದ್ರಾವಣ ಹರಿಸುವ ಸಾಧನ) ಕಟ್ಟಿ ಎಂಜೈಮ್ ಹರಿಸಿದರೆ, ಉದ್ದಕ್ಕೆ ಪಟ್ಟೆಪಟ್ಟೆಯಾಗಿ ಕಾಣಬೇಕಾದ ಕೋಶಗಳೆಲ್ಲ ದುಂಡಗಾಗಿ ಸತ್ತು ಬಿದ್ದಿರುತ್ತಿದ್ದವು. ಉಳಿದ ಕೆಲವಕ್ಕೆ ಕ್ಯಾಲ್ಸಿಯಂ ಸ್ವಲ್ಪ ಸ್ವಲ್ಪವೇ ವಾಪಸ್ ಕೊಡುವಾಗ ಅವೂ ಸುರುಟಿಕೊಳ್ಳುತ್ತಿದ್ದವು. ಬೇರೆ ಬೇರೆ ಲಾಟ್‌ಗಳ ಸ್ಯಾಂಪಲ್ ತರಿಸಿ, ಸರಿಬಂದದ್ದನ್ನು ಒಟ್ಟಿಗೆ ಕೊಂಡು ಫ್ರೀಜರ್‌ನಲ್ಲಿಟ್ಟ ಮೇಲೇ ಕೆಲಸ ಹಳಿಗೆ ಬಂತು. ಅಷ್ಟರಲ್ಲಿ ಫೆಲೋಶಿಪ್ ಮುಗಿದಿತ್ತು. ಕೊನೇ ವರ್ಷ ಕೈಯಿಂದಲೇ ಖರ್ಚು. ಆದರೂ ಸೀಲ್‌ನ ರೋಧ ಗಿಗಾ ಓಮ್‌ಗೆ ಏರೋದನ್ನು ಒಮ್ಮೆ ಕಂಡರೆ ಬೇರೆ ಕೆಲಸ ರುಚಿಸೋದಿಲ್ಲ.

ಉಸಿರುಲೆಕ್ಕ:
ಮನುಷ್ಯರ ಲ್ಯಾಬ್ ಸುಲಭ ಅಂತ ಯಾರೂ ಬರಬೇಡಿ. ಇಲಿ ಪಂಜರದಲ್ಲೇ ಇರುತ್ತದೆ. ವಾಲಂಟಿಯರ್ ಬರುತ್ತೇನೆ ಅಂದವನು ಫೋನೇ ಎತ್ತೋದಿಲ್ಲ. ಬಂದವರಲ್ಲಿ ಒಬ್ಬರು ಕಾಫಿ ಕುಡಿದಿರುತ್ತಾರೆ, ಇನ್ನೊಬ್ಬರು ರಾತ್ರಿ ನಿದ್ದೆಗೆಟ್ಟಿರುತ್ತಾರೆ. ಆ ರೆಕಾರ್ಡಿಂಗ್ ಎಲ್ಲ ದಂಡ. ಒಪ್ಪಿಗೆ ಪತ್ರದ ಒಂದು ವಾಕ್ಯಕ್ಕೆ ಎಥಿಕ್ಸ್ ಕಮಿಟಿ ಫೈಲನ್ನು ಪದೇ ಪದೇ ವಾಪಸ್ ಕಳಿಸಿತು.

ನನ್ನ ಗೈಡ್‌ದು ಇನ್ನೊಂದು ಹಠ. ಎಲ್‌ಎಫ್/ಎಚ್‌ಎಫ್ (ಎಚ್‌ಆರ್‌ವಿಯ ನಿಧಾನ ಮತ್ತು ವೇಗದ ಏರಿಳಿತಗಳು) ಅನುಪಾತವನ್ನು ಸಿಂಪಥೆಟಿಕ್ (ಗಾಬರಿಯಾದಾಗ ಬಡಿತ ಏರಿಸುವ ನರಗಳು) ಸಮತೋಲನ ಅಂತಲೇ ಬರೆಯಬೇಕು ಅಂದರು. ಎಚ್‌ಎಫ್ ಪಟ್ಟಿ 0.15ರಿಂದ 0.4 ಹರ್ಟ್ಸ್. ನಿಮಿಷಕ್ಕೆ 9ಕ್ಕಿಂತ ಕಡಿಮೆ ಉಸಿರಾಡುವವರಲ್ಲಿ ಉಸಿರಿನ ಪರಿಣಾಮ ಎಲ್‌ಎಫ್‌ಗೆ ಜಾರುತ್ತದೆ. ಆಗ ಅನುಪಾತ ಏರುತ್ತದೆ, ಸಿಂಪಥೆಟಿಕ್‌ಗೆ ಅದರಲ್ಲಿ ಏನೂ ಪಾತ್ರ ಇರೋದಿಲ್ಲ. ರಿವ್ಯೂವರ್ ಕೇಳಿದ್ದು ಇದನ್ನೇ: ಉಸಿರಿನ ರೆಕಾರ್ಡ್ ಎಲ್ಲಿ? ಎದೆಗೆ ಬೆಲ್ಟ್ ಕೊಡಿಸಿ ಅಂತ ನಾನು ಮೊದಲೇ ಬರೆದುಕೊಟ್ಟಿದ್ದೆ. ಯಾರೂ ಕೇಳಲಿಲ್ಲ. ಪೇಪರ್ ಬಿತ್ತು, ಅರ್ಧ ಡೇಟಾ ಮತ್ತೆ ತೆಗೆದೆ.

ಗಾಜಿನತುದಿ:
ಎದೆಗೆ ಇಸಿಜಿ ಅಂಟಿಸಿ ಮೆಕ್ಯಾನಿಸಂ ಹೇಳೋಕೆ ಹೋದರೆ ಹಾಗೇ ಆಗೋದು.

ಉಸಿರುಲೆಕ್ಕ:
ನಿಮ್ಮ ಇಲಿ ಕೋಶ ಓಡುತ್ತದಾ, ಗಾಬರಿಯಾಗುತ್ತದಾ? ನರವೇ ಕತ್ತರಿಸಿದ ಹೃದಯ ಅದು. ಇಲಿಯ ಬಡಿತವೇ ಮನುಷ್ಯರದಕ್ಕಿಂತ ಎಷ್ಟೋ ಪಟ್ಟು ವೇಗ. ಅಲ್ಲಿನ ಪೊಟ್ಯಾಸಿಯಂ ಕರೆಂಟ್ ತೋರಿಸಿ ಮನುಷ್ಯರ ಕಾಯಿಲೆ ಬಗ್ಗೆ ಎಷ್ಟು ಹೇಳಬಹುದು, ಹೇಳಿ.

ಮೊದಲಬೆಂಚು:
ಡಾಕ್ಟರ್ ಅಲ್ಲ ಅಂದಿರಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಾನೂ ಎಂಎಸ್ಸಿಯಿಂದ ಬಂದವನು. ನಮ್ಮ ವಿಭಾಗದಲ್ಲಿ ಪ್ರಾಕ್ಟಿಕಲ್ ಬ್ಯಾಚ್ ಎಲ್ಲ ನನ್ನ ತಲೆಗೆ. ಹಿಮೋಗ್ಲೋಬಿನ್, ಬಿಪಿ, ಸ್ಪೈರೋಮೆಟ್ರಿ ಕಲಿಸಿ ಮುಗಿಸುವಾಗ ಸಂಜೆ. ರಾತ್ರಿ ನನ್ನ ಪ್ರಯೋಗ. ಪಾಠ ಮಾಡೋಕೆ ನಾನು ಬೇಕು, ಖಾಯಂ ಹುದ್ದೆ ಬಂದಾಗ ವೈದ್ಯ ಪದವಿ ಬೇಕು. ಸೇರುವ ಮೊದಲು ಬೋಧನೆ ಎಷ್ಟು ಗಂಟೆ ಅಂತ ಬರಹದಲ್ಲಿ ಕೇಳಿ.

ಬಿಳಿಕೋಟು:
ಈ ದೂರು ಪ್ರತಿ ಸಲ ಬರುತ್ತದೆ. ನಾನು ಡಾಕ್ಟರ್, ಫಿಸಿಯಾಲಜಿಯನ್ನು ಇಷ್ಟಪಟ್ಟು ಆರಿಸಿದೆ. ಜೊತೆಯವರು ಕ್ಲಿನಿಕ್‌ನಲ್ಲಿ ಚೆನ್ನಾಗಿ ಸಂಪಾದಿಸುತ್ತಿದ್ದಾರೆ. ರೋಗಿ ನೋಡದ ಡಾಕ್ಟರ್ ಅಂತ ಮನೆಯವರ ಮಾತೂ ಕೇಳಿದ್ದೇನೆ. ಪ್ರಾಕ್ಟಿಕಲ್ ನಾನೂ ಮಾಡಿಸುತ್ತೇನೆ ಸ್ವಾಮಿ.

ಮೊದಲಬೆಂಚು:
ನಿಮಗೆ ಕ್ಲಿನಿಕ್‌ಗೆ ವಾಪಸ್ ಹೋಗುವ ದಾರಿ ಇದೆ. ನನಗಿಲ್ಲ. ಎರಡೂ ಒಂದೇ ಅನ್ನಬೇಡಿ.

ಪಂಜರಮನೆ:
ಪ್ರಾಣಿಗಳ ವಿಷಯ ಯಾರೂ ಎತ್ತಲಿಲ್ಲ. ರಸೆಲ್ ಮತ್ತು ಬರ್ಚ್ 1959ರಲ್ಲೇ ಹೇಳಿದರು: ಆದಷ್ಟು ಬದಲಿ ಹುಡುಕಿ, ಸಂಖ್ಯೆ ಇಳಿಸಿ, ನೋವು ತಗ್ಗಿಸಿ. ಎಂಜೈಮ್ ಲಾಟ್ ಕೆಟ್ಟಿದ್ದಕ್ಕೆ ಎಷ್ಟು ಇಲಿ ಹೋದವು ಅಂತ ಗಾಜಿನತುದಿ ಅವರು ಬರೆಯಲೇ ಇಲ್ಲ. ಹೆಣ್ಣಿಲಿಗಳನ್ನು ಸೇರಿಸಿದ್ದಿರಾ?

ಗಾಜಿನತುದಿ:
ಲೆಕ್ಕ ಎಲ್ಲ ಕಮಿಟಿಗೆ ಕೊಟ್ಟಿದ್ದೇನೆ. ಗಂಡಿಲಿ ಮಾತ್ರ, ಗೈಡ್ ನಿರ್ಧಾರ. ಹೆಣ್ಣಿಲಿಯಲ್ಲಿ ಹಾರ್ಮೋನ್ ಚಕ್ರದಿಂದ ಏರುಪೇರು ಜಾಸ್ತಿ.

ಪಂಜರಮನೆ:
ಆ ಮಾತು ಹಳೇದು. 2016ರಿಂದ ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಅನುದಾನ ಕೇಳುವವರು ಲಿಂಗವನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಒಂದೇ ಲಿಂಗ ಸಾಕು ಅಂದರೆ ಬಲವಾದ ಕಾರಣ ಕೊಡಬೇಕು. ಗಂಡಿಲಿಯಲ್ಲೂ ಏರುಪೇರು ಇದೆ. ಜಗಳವಾಡಿದ ಪಂಜರದ ಇಲಿಗಳನ್ನು ನೋಡಿ.

ಹೊಸಹೆಜ್ಜೆ:
ಎಲ್ಲರಿಗೂ ಧನ್ಯವಾದ. ಪ್ಯಾಚ್ ಲ್ಯಾಬಿನಲ್ಲಿ ರಿಗ್ (ರೆಕಾರ್ಡಿಂಗ್ ಮಾಡುವ ಉಪಕರಣ) ಗೊತ್ತಿರುವ ಸೀನಿಯರ್ ಒಬ್ಬರೇ. ಅವರ ಥೀಸಿಸ್ ಮುಗಿಯುತ್ತಾ ಬಂದಿದೆ. ಪರವಾಗಿಲ್ವಾ?

ಗಾಜಿನತುದಿ:
ಅದನ್ನು ಮೊದಲೇ ಹೇಳಬೇಕಿತ್ತು ತಾಯಿ. ಅವರಿದ್ದಾಗಲೇ ಸೇರಿ, ಪಕ್ಕದಲ್ಲಿ ಕೂತು ಕಲಿಯಿರಿ. ಅದು ಆಗದಿದ್ದರೆ ಆ ಲ್ಯಾಬ್ ಬೇಡ. ಪುಸ್ತಕ ನೋಡಿ ರಿಗ್ ಹತ್ತೋದಿಲ್ಲ.

ಉಸಿರುಲೆಕ್ಕ:
ನಮ್ಮ ಕಡೆ ಬಂದರೆ ಉಸಿರಿನ ಬೆಲ್ಟ್ ಇದೆಯಾ ಅಂತ ನೋಡಿ ಸಹಿ ಹಾಕಿ.

ಪಂಜರಮನೆ:
ಗಾಜಿನತುದಿ ಅವರೇ, ಗಂಡಿಲಿಯಲ್ಲೂ ಏರುಪೇರು ಇದೆ ಅಂದಿದ್ದಕ್ಕೆ ಉತ್ತರ ಇನ್ನೂ ಬಂದಿಲ್ಲ.