ಪದಚರ್ಚೆ: ‘ಮೆಂಬ್ರೇನ್ ಕಾಂಟ್ಯಾಕ್ಟರ್’ಗೆ ಏನನ್ನೋಣ? (ತುರ್ತು)

ಎಸ್.ಎಂ.:
ನಮಸ್ಕಾರ. ಪ್ರಯೋಗಾಲಯವೊಂದರ ಪ್ರದರ್ಶನ ಫಲಕದ ಅನುವಾದ, ನಾಳೆ 11ಕ್ಕೆ ಅಚ್ಚಿಗೆ ಹೋಗಬೇಕು. ಉಪಕರಣ ಇಷ್ಟು: ಪಾಲಿಪ್ರೊಪಿಲೀನಿನ ಸಾವಿರಾರು ಪೊಳ್ಳು ನಾರುಗಳ ಕಟ್ಟು. ನಾರಿನ ಹೊರಗೆ ಚಿಮಣಿಯ ಹೊಗೆ, ಒಳಗೆ ತೂಕದಲ್ಲಿ 30% ಮಾನೋಎಥನಾಲಮೀನ್ ಇರುವ ನೀರು. ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡ್ ನಾರಿನ ಗೋಡೆಯ (ಅದೇ ಮೆಂಬ್ರೇನ್) ರಂಧ್ರ ದಾಟಿ ದ್ರವ ಸೇರುತ್ತದೆ. ಆ ದ್ರವವನ್ನು ಸುಮಾರು 120 ಡಿಗ್ರಿಗೆ ಕಾಯಿಸಿ ಅನಿಲ ಬಿಡಿಸಿ, ತಣಿಸಿ, ಮತ್ತೆ ನಾರಿಗೆ ಬಿಡುತ್ತಾರೆ.

ನನ್ನ ಕರಡು: ಮೆಂಬ್ರೇನ್ ಕಾಂಟ್ಯಾಕ್ಟರ್ = ಪೊರೆಶೋಧಕ; ಅಬ್ಸಾರ್ಬೆಂಟ್ (ಅನಿಲ ಹೀರುವ ಆ ದ್ರವ) = ಅಧಿಶೋಷಕ ದ್ರವ; ವೆಟಿಂಗ್ = ಒದ್ದೆಯಾಗುವಿಕೆ; ಲೀನ್/ರಿಚ್ (ಅನಿಲ ಬಿಡಿಸಿದ/ಅನಿಲ ಹೀರಿದ) = ಬಡ/ಶ್ರೀಮಂತ ದ್ರವ. ಕೊನೆಯದಕ್ಕೆ ನನಗೇ ನಗು ಬರುತ್ತಿದೆ.

ಗ.ನಾ.:
> ಪೊರೆಶೋಧಕ
ತಪ್ಪು. ಈ ಪೊರೆ ಏನನ್ನೂ ಸೋಸುವುದಿಲ್ಲ. ರಂಧ್ರ 0.1ರಿಂದ 0.2 ಮೈಕ್ರಾನ್, ಅಂದರೆ 100ರಿಂದ 200 ನ್ಯಾನೋಮೀಟರು. ಇಂಗಾಲದ ಡೈಆಕ್ಸೈಡಿನ ಅಣು 0.33 ನ್ಯಾನೋಮೀಟರು, ಸಾರಜನಕದ್ದು 0.36. ಆನೆ ನುಗ್ಗುವ ಬಾಗಿಲಲ್ಲಿ ಇರುವೆ ಬೇರೆ, ಗೊದ್ದ ಬೇರೆ ಎನ್ನುವವರು ಯಾರು? ಆರಿಸುವುದು ದ್ರವ: ಅಮೀನು (ನಿಮ್ಮ ಮಾನೋಎಥನಾಲಮೀನೇ) ಇಂಗಾಲದ ಡೈಆಕ್ಸೈಡನ್ನು ಕಾರ್ಬಮೇಟ್ ಎಂಬ ಸಂಯುಕ್ತ ಮಾಡಿಕೊಳ್ಳುತ್ತದೆ, ಸಾರಜನಕವನ್ನು ಮೂಸಿಯೂ ನೋಡುವುದಿಲ್ಲ. ಪೊರೆಯ ಕೆಲಸ ಹೊಗೆ, ದ್ರವ ಎರಡೂ ಒಂದರೊಳಗೊಂದು ನುಗ್ಗದಂತೆ ತಡೆದು ತಾಗಲು ಜಾಗ ಕೊಡುವುದು. ಇದೇ ಕೆಲಸದ, ತುಣುಕು ತುಂಬಿದ ಮಾಮೂಲಿ ಗೋಪುರದಲ್ಲಿ ಘನಮೀಟರಿಗೆ 100ರಿಂದ 500 ಚದರಮೀಟರು ಮೈ ಸಿಗುತ್ತದೆ, ನಾರಿನ ಕಟ್ಟಿನಲ್ಲಿ ಸಾವಿರದ ಮೇಲೆ. ನೊರೆ, ಉಕ್ಕುವ ಕಾಟವೂ ತಪ್ಪುತ್ತದೆ.

ಅಧಿಶೋಷಣ ಇನ್ನೂ ತಪ್ಪು. ಅದು ಇದ್ದಿಲಿನ ಮೈಗೆ ಅನಿಲ ಅಂಟುವ ಬಗೆ. ನಾರು ‘ಟೊಳ್ಳು’, ‘ಪೊಳ್ಳು’ ಭರವಸೆಗೆ ಇರಲಿ.

ರಾ.ಕೃ.:
‘ಶೋಷಕ ದ್ರವ’ ಎಂದು ತಿದ್ದೀರಿ, ಜೋಕೆ. ಓದಿದವರು ದ್ರವದ ವಿರುದ್ಧ ಧರಣಿ ಕೂರುತ್ತಾರೆ. ‘ಹೀರುದ್ರವ’ ಎನ್ನಿ. ಪೊರೆಯನ್ನು ಮಾತ್ರ ಬಿಡಬೇಡಿ. ಪಾವು ಹಾವಾಯಿತು, ಪಾಲು ಹಾಲಾಯಿತು, ಪೊರೆ ಪಕಾರ ಬಿಡಲಿಲ್ಲ. ಬಿಟ್ಟಿದ್ದರೆ ತಲೆಹೊರೆಯೊಡನೆ ಕಲೆತುಹೋಗುತ್ತಿತ್ತು. ‘ಹಾವಿನ ಪೊರೆ’ ಎಂಬಲ್ಲಿ ಹೊಸಗನ್ನಡ, ಹಳಗನ್ನಡ ಅಕ್ಕಪಕ್ಕ ಕೂತಿವೆ ನೋಡಿ. ಕಾಂಟ್ಯಾಕ್ಟರಿಗೆ ‘ಮುಟ್ಟುಪೊರೆ’.

ಶ್ರೀ.:
ಹೀರುದ್ರವ ಕನ್ನಡ, ಸಂಸ್ಕೃತ ಬೆರೆಸಿದ ಅರಿಸಮಾಸ. ಮುಟ್ಟುಪೊರೆ ಎಂದು ಶಾಲೆಮಕ್ಕಳ ಮುಂದೆ ತೂಗುಹಾಕುತ್ತೀರಾ? ಲೀನ್/ರಿಚ್‌ಗೆ ಖಾಲಿ/ತುಂಬಿದ ಸಾಕು.

ರಾ.ಕೃ.:
ಗಮಕಸಮಾಸಕ್ಕೆ ಅರಿಸಮಾಸದ ದೋಷವಿಲ್ಲ. ಸುಡುಗಾಡು ಹೇಗೋ ಹೀರುದ್ರವ ಹಾಗೆ. ‘ಮುಟ್ಟು’ ವಿಷಯ ಒಪ್ಪಿದೆ, ‘ತಾಗುಪೊರೆ’ ಮಾಡಿಕೊಳ್ಳಿ.

ಗ.ನಾ.:
> ಖಾಲಿ
ಕಾಯಿಸಿದ ಮೇಲೂ ಖಾಲಿಯಾಗುವುದಿಲ್ಲ. ಒಂದು ಮೋಲ್ (ಅಣುಗಳನ್ನು ಎಣಿಸುವ ಅಳತೆ) ಅಮೀನಿಗೆ 0.2 ಮೋಲಿನಷ್ಟು ಇಂಗಾಲದ ಡೈಆಕ್ಸೈಡ್ ಉಳಿದಿರುತ್ತದೆ. ಪೂರ್ತಿ ಓಡಿಸಲು ಹೋದರೆ ಉಗಿಯ ಖರ್ಚು ತಡೆಯಲಾಗದು. ತುಂಬಿದ್ದು 0.5ರ ಹತ್ತಿರ, ಏಕೆಂದರೆ ಕಾರ್ಬಮೇಟ್ ಆಗಲು ಇಂಗಾಲದ ಡೈಆಕ್ಸೈಡಿನ ಒಂದು ಅಣುವಿಗೆ ಎರಡು ಅಮೀನು ಬೇಕು. ‘ಹಸಿದ/ಉಂಡ’ ಎಂದರೆ ಸರಿಹೋದೀತು. ‘ತಣಿದ’ ಬೇಡ, ಇಲ್ಲಿ ತಣಿಸುವುದು ಹಸಿದ ದ್ರವವನ್ನು!

ವೆಟಿಂಗಿಗೆ ಒದ್ದೆ ಸಾಲದು. ದ್ರವ ಪೊರೆಯ ಮೈಗೆ ತಾಗಿಯೇ ಇರಬೇಕು, ಅದು ಕೇಡಲ್ಲ. ಕೇಡು ರಂಧ್ರದೊಳಕ್ಕೆ ಇಳಿದಾಗ. ಅನಿಲವಿದ್ದ ಜಾಗದಲ್ಲಿ ದ್ರವ ನಿಂತರೆ ಅದರೊಳಗೆ ಇಂಗಾಲದ ಡೈಆಕ್ಸೈಡಿನ ವಿಸರಣೆ (ಹರಡಿಕೊಳ್ಳುವುದು) ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ರಂಧ್ರದ ಉದ್ದದಲ್ಲಿ ಚೂರೇ ನೆಂದರೂ ಹೀರಿಕೆ ಕುಸಿಯುತ್ತದೆ. ಬರಿ ನೀರು, 0.2 ಮೈಕ್ರಾನ್ ರಂಧ್ರ, ಸಂಪರ್ಕಕೋನ (ಹನಿ ಪೊರೆಗೆ ತಾಗುವ ಕೋನ) 110 ಡಿಗ್ರಿ ಎಂದಿಟ್ಟರೆ ಲೆಕ್ಕಕ್ಕೆ ಸುಮಾರು 5 ಬಾರ್ ಒತ್ತಿದ ಮೇಲೆಯೇ ಒಳನುಗ್ಗಬೇಕು. ಆದರೆ ಅಮೀನು ಬೆರೆತರೆ ಮೇಲ್ಮೈ ಎಳೆತ ಇಳಿಯುತ್ತದೆ. ಪಾಲಿಪ್ರೊಪಿಲೀನು ವಾರಗಟ್ಟಲೆ ಅದರಲ್ಲಿದ್ದು ಉಬ್ಬಿ, ದೊಡ್ಡ ರಂಧ್ರಗಳು ಮೊದಲು ಸೋಲುತ್ತವೆ. ಪಿಟಿಎಫ್‌ಇ (ಟೆಫ್ಲಾನ್) ತಾಳುತ್ತದೆ, ದುಬಾರಿ. ಇಲ್ಲವೇ ದ್ರವದಲ್ಲಿ ಅಮೀನಿನ ಬದಲು ಪೊಟ್ಯಾಸಿಯಂ ಗ್ಲೈಸಿನೇಟಿನಂಥ ಅಮೈನೋ ಆಮ್ಲದ ಲವಣ. ಅದರ ಮೇಲ್ಮೈ ಎಳೆತ ನೀರಿಗಿಂತ ಹೆಚ್ಚು. ದ್ರವದ ಒತ್ತಡ ಅನಿಲದ್ದಕ್ಕಿಂತ ತುಸು ಮೇಲಿರಬೇಕು, ತಿರುಗುಮುರುಗಾದರೆ ದ್ರವದಲ್ಲಿ ಗುಳ್ಳೆ. ಹಾಗಾಗಿ ‘ನೆನೆಯುವಿಕೆ’. ಬಟ್ಟೆಯ ಮೇಲ್ಮೈ ಒದ್ದೆ, ಅಕ್ಕಿ ನೆನೆಯುವುದು ಒಳಗೆ.

ಶ್ರೀ.:
ಆರ್‌ಓ ರಿಪೇರಿಯವನು ‘ಮೆಂಬ್ರೇನ್ ಹೋಗಿದೆ, ಬದಲಿಸಬೇಕು’ ಎನ್ನುತ್ತಾನೆ. ನೀವು ‘ಪೊರೆ’ ಎಂದರೆ ಜನ ಕಣ್ಣಾಸ್ಪತ್ರೆ ಹುಡುಕುತ್ತಾರೆ. ಬಳಕೆಯಲ್ಲಿರುವ ಪದವನ್ನು ಒಕ್ಕಲೆಬ್ಬಿಸುವ ಹಟ ಯಾಕೆ?

ರಾ.ಕೃ.:
ಹಾಗಾದರೆ ‘ದ್ರವ’ಕ್ಕೆ ‘ಲಿಕ್ವಿಡ್’ ಎನ್ನಿ, ಪಾತ್ರೆ ತೊಳೆಯುವುದಕ್ಕೆ ಎಲ್ಲರೂ ಅದನ್ನೇ ಕೊಳ್ಳುತ್ತಾರೆ.

ಶ್ರೀ.:
ದ್ರವ ಮಾತ್ರ ನಿಮ್ಮ ಮನೆಯದೋ? ಅದೂ ಸಂಸ್ಕೃತದ ಕಡ. ಒಬ್ಬ ಸಾಲಗಾರನಿಗೆ ಮಣೆ, ಇನ್ನೊಬ್ಬನಿಗೆ ಕತ್ತು ಹಿಡಿದು ನೂಕು.

ಎಸ್.ಎಂ.:
ಅಚ್ಚಿಗೆ ಕಳಿಸಿದ್ದು ಇದು: “ತಾಗುಪೊರೆ: ಹಸಿದ ಹೀರುದ್ರವ ಟೊಳ್ಳುನಾರಿನ ಒಳಗೆ, ಹೊಗೆ ಹೊರಗೆ. ಪೊರೆ ಸೋಸುವುದಿಲ್ಲ, ದ್ರವ ಆರಿಸುತ್ತದೆ. ಪೊರೆ ನೆನೆದರೆ ಕೆಲಸ ನಿಧಾನ.” ತಾಗುಪೊರೆಯ ಕೆಳಗೆ ಸಣ್ಣಕ್ಷರದಲ್ಲಿ ‘ಮೆಂಬ್ರೇನ್ ಕಾಂಟ್ಯಾಕ್ಟರ್’ ಎಂದೂ ಹಾಕಿದ್ದೇನೆ.

ರಾ.ಕೃ.:
ಸಣ್ಣಕ್ಷರದ್ದು ಬೇಕಿರಲಿಲ್ಲ.

ಶ್ರೀ.:
ಅದೊಂದೇ ಓದುವುದು.